ಪಾನಗೋಷ್ಠಿಯಲ್ಲಿ ಒಂದು ಪಾಠ

ಪ್ರವಾಸವೆಂದರೆ ನಮ್ಮ ಹಿರಿಯರಿಗೆ ಕ್ಷೇತ್ರದರ್ಶನ, ತೀರ್ಥಸ್ನಾನ, ಬಂಧುಗಳ ಮನೆಯ ಆತಿಥ್ಯ, ಇಷ್ಟೇ ಆಗಿದ್ದಿತು. ಬಳಿಕ ಅರಮನೆಗಳೂ ಅಣೆಕಟ್ಟುಗಳೂ ವಸ್ತುಸಂಗ್ರಹಾಲಯಗಳೂ ಆ ಪಟ್ಟಿಯಲ್ಲಿ ಸೇರಿದುವು. ಈಚಿನ ವರ್ಷಗಳಲ್ಲಿ ಮತ್ತೊಂದು ಸೇರಿದೆ. ಊರಿಗೆ ಬಂದವನನ್ನು ಕರೆದೊಯ್ದು ಆ ಊರಿನ ರುಚಿಯನ್ನು ಕ್ರಮವಾಗಿ ತೋರಿಸುವುದೇ ಅದು. ಕೊಡಗು ಚಿಕ್ಕಮಗಳೂರುಗಳಲ್ಲಿ ಕಾಫಿಯ ಬಗೆಬಗೆಯ ಬೀಜಗಳ ಪುಡಿಗೆ ಬಿಸಿನೀರು ಹೊಯ್ದು ಪರಿಮಳ ನೋಡಿಸುತ್ತಾರೆ, ನೀಲಗಿರಿಯಲ್ಲಿ ಚಹದ ಎಲೆಗಳನ್ನು ತೋರಿಸುತ್ತಾರೆ, ಬೆಂಗಳೂರಿನಲ್ಲಿ ಬಿಯರು. ಬಲ್ಲವನೊಬ್ಬನು ಮುಂದೆ ನಿಂತು ಉಪಾಧ್ಯಾಯನಂತೆ ವಿವರಿಸುತ್ತಾನೆ. ಬಂದವರು ವಿದ್ಯಾರ್ಥಿಗಳಂತೆ ಕುಳಿತು ಚಿಕ್ಕ ಚಿಕ್ಕ ಲೋಟಗಳಲ್ಲಿ ಗುಟುಕು ಗುಟುಕಾಗಿ ರುಚಿ ನೋಡುತ್ತಾರೆ.

ಗೃಹಸ್ಥರು ಓದುವ ಪತ್ರಿಕೆಯಲ್ಲಿ ಈ ಮಾತೇಕೆಂದು ಕೆಲವರು ಹುಬ್ಬು ಗಂಟಿಕ್ಕಬಹುದು. ಆದರೆ ನಮ್ಮ ಮನೆಗಳ ಹುಡುಗರೂ ಹುಡುಗಿಯರೂ ಉದ್ಯೋಗಕ್ಕಾಗಿ ಪರಸ್ಥಳಗಳಲ್ಲಿರುವ ಕಾಲ ಇದು. ಅವರಿಗೆ ಇಂತಹ ಆಹ್ವಾನ ಬರುವುದು ಅಪರೂಪವಲ್ಲ. ಅದೇನೆಂಬುದು ಹಿರಿಯರಿಗೆ ತಿಳಿಯದಿದ್ದರೆ ಬೈಯುವುದಕ್ಕೂ ಅಧಿಕಾರವಿಲ್ಲ, ಬುದ್ಧಿ ಹೇಳುವುದಕ್ಕೂ ಆಧಾರವಿಲ್ಲ. ಕಳೆದ ವರ್ಷ ಮದುವೆಯೊಂದಕ್ಕಾಗಿ ನಾನು ಮೈಸೂರಿನಿಂದ ಬೆಂಗಳೂರಿಗೆ ಹೋಗಿದ್ದಾಗ, ಅಲ್ಲಿ ಉದ್ಯೋಗದಲ್ಲಿರುವ ನನ್ನ ಸೋದರಳಿಯನು, “ಮಾವ, ನೀವು ಕುಡಿಯಬೇಕಾಗಿಲ್ಲ. ಬಂದು ಕೇಳಿ, ನೋಡಿ, ಆಮೇಲೆ ಬೈಯಿರಿ” ಎಂದನು. ಮಾತು ನ್ಯಾಯವಾಗಿ ತೋರಿದ್ದರಿಂದ ಒಪ್ಪಿಕೊಂಡೆನು.

ಬೆಂಗಳೂರಿಗೂ ಬಿಯರಿಗೂ ನಂಟು ಹೊಸದಲ್ಲ. ೧೮೦೯ರಲ್ಲಿ ಆಂಗ್ಲರು ಅಲ್ಲಿ ದಂಡುಪ್ರದೇಶವನ್ನು ಸ್ಥಾಪಿಸಿದ ಮೇಲೆ ಸಿಪಾಯಿಗಳಿಗಾಗಿ ಈ ಪಾನೀಯಕ್ಕೆ ಬೇಡಿಕೆ ಹುಟ್ಟಿತು. ೧೯೧೫ರಲ್ಲಿ ಥಾಮಸ್ ಲೀಷ್‌ಮನ್ ಎಂಬವರು ದಕ್ಷಿಣದೇಶದ ಐದು ಕಾರ್ಖಾನೆಗಳನ್ನು ಕೂಡಿಸಿ ಯುನೈಟೆಡ್ ಬ್ರೂವರೀಸ್ ಎಂಬ ಸಂಸ್ಥೆಯನ್ನು ಕಟ್ಟಿದರು. ೧೯೪೭ರಲ್ಲಿ ವಿಠಲ ಮಲ್ಯರು ಅದರ ಮೊದಲ ಭಾರತೀಯ ನಿರ್ದೇಶಕರಾದರು. ನಮ್ಮ ಮೈಸೂರಿಗೆ ಸಮೀಪದ ನಂಜನಗೂಡಿನ ಬಳಿಯಲ್ಲಿಯೂ ಆ ಸಂಸ್ಥೆಯ ಕಾರ್ಖಾನೆಯುಂಟು. ಇವೆಲ್ಲ ದೊಡ್ಡ ಯಂತ್ರಾಗಾರಗಳ ಮಾತು. ೨೦೧೦ರ ಸುಮಾರಿಗೆ ಕರ್ನಾಟಕ ಸರಕಾರವು, ಕುಡಿಯುವ ಸ್ಥಳದಲ್ಲಿಯೇ ಸ್ವಲ್ಪ ಪ್ರಮಾಣದಲ್ಲಿ ತಯಾರಿಸಿ ಅಲ್ಲಿಯೇ ಮಾರುವ ಸಣ್ಣ ಕಾರ್ಖಾನೆಗಳಿಗೆ ಅನುಮತಿ ಕೊಡಲು ಪ್ರಾರಂಭಿಸಿತು. ಅಲ್ಲಿಂದೀಚೆಗೆ ರಾಜಧಾನಿಯಲ್ಲಿ ಇಂತಹವು ಹತ್ತಾರು ತಲೆಯೆತ್ತಿವೆ. ಕುಶಲಕರ್ಮಿಯು ಕೈಯಾರೆ ಮಾಡಿದುದೆಂಬ ಅರ್ಥದಲ್ಲಿ ಇದನ್ನು ‘ಕ್ರಾಫ್ಟ್ ಬಿಯರ್’ ಎನ್ನುತ್ತಾರೆ.

ನಾವು ಹೋದ ಸ್ಥಳದಲ್ಲಿ ಗಾಜಿನ ಗೋಡೆಯ ಆಚೆಗೆ ಆಳೆತ್ತರದ ಉಕ್ಕಿನ ಹಂಡೆಗಳು ಸಾಲಾಗಿ ನಿಂತಿದ್ದುವು. ನಮ್ಮ ಮಾರ್ಗದರ್ಶಿಯು ಮೂವತ್ತರ ವಯಸ್ಸಿನ ತರುಣ. ಅವನು ಮೊದಲು ನಮ್ಮ ಅಂಗೈಗೆ ಹಾಕಿದ್ದು ಒಂದು ಹಿಡಿ ಧಾನ್ಯ. ಅಗಿದೆನು, ಸಿಹಿಯಾಗಿ, ಗರಿಗರಿಯಾಗಿ, ಹುರಿದ ಹಿಟ್ಟಿನ ವಾಸನೆಯಿಂದ ಕೂಡಿದ್ದಿತು. ಇದೇ ಮಾಲ್ಟ್, ಎಂದರೆ ಮೊಳೆಯಿಸಿ ಒಣಗಿಸಿದ ಬಾರ್ಲಿ, ನಮ್ಮ ಜವೆಗೋದಿ.

ಈ ಮಾತನ್ನು ಕೇಳಿದೊಡನೆ ನನಗೆ ನಮ್ಮ ಅಡುಗೆಮನೆಯ ನೆನಪಾಯಿತು. ಎಳೆಯ ಮಕ್ಕಳಿಗಾಗಿ ರಾಗಿಯನ್ನು ನೆನೆಯಿಟ್ಟು, ಬಟ್ಟೆಯಲ್ಲಿ ಕಟ್ಟಿ ಮೊಳಕೆ ಬರಿಸಿ, ನೆರಳಿನಲ್ಲಿ ಒಣಗಿಸಿ, ಹದವಾಗಿ ಹುರಿದು, ಬೀಸಿ ಜರಡಿಹಿಡಿಯುವುದನ್ನು ನಮ್ಮ ತಾಯಂದಿರೆಲ್ಲರೂ ಬಲ್ಲರು. ಕೆಲಸವೊಂದೇ. ಬೀಜವು ಮೊಳೆಯುವಾಗ ಅದರೊಳಗೆ ಹುಟ್ಟುವ ಕೆಲವು ಸತ್ತ್ವಗಳು ಪಿಷ್ಟವನ್ನು ಒಡೆದು ಸಕ್ಕರೆಯನ್ನಾಗಿ ಮಾಡುತ್ತವೆ. ಮಗುವಿಗೆ ಮೊಳಕೆ ರಾಗಿಯ ಗಂಜಿ ಸುಲಭವಾಗಿ ಜೀರ್ಣವಾಗುವುದು ಈ ಕಾರಣದಿಂದಲೇ. ಬಿಯರು ಮಾಡುವವನು ಅದೇ ಮಾಲ್ಟನ್ನು ನುಚ್ಚುಮಾಡಿ ಸುಮಾರು ೬೫ ಡಿಗ್ರಿ ಸೆಂಟಿಗ್ರೇಡಿನ ಬಿಸಿನೀರಿನಲ್ಲಿ ಒಂದು ಘಂಟೆಯಷ್ಟು ಕಾಲ ನೆನೆಸುತ್ತಾನೆ. ಆಗ ಸಿಹಿಯಾದ ರಸವು ಇಳಿಯುತ್ತದೆ. ಅದನ್ನು ಸೋಸಿ, ಹಾಪ್ಸ್ ಎಂಬ ಬಳ್ಳಿಯ ಹೂವನ್ನು ಹಾಕಿ ಕುದಿಸುತ್ತಾನೆ. ಈ ಹೂವು ಕಹಿಯನ್ನೂ ಸುವಾಸನೆಯನ್ನೂ ಕೊಡುವುದಲ್ಲದೆ ಪಾನೀಯವು ಬೇಗ ಕೆಡದಂತೆಯೂ ಕಾಯುತ್ತದೆ. ಆರಿಸಿದ ಮೇಲೆ ಯೀಸ್ಟನ್ನು ಬೆರೆಸುತ್ತಾನೆ. ಈ ಸೂಕ್ಷ್ಮಜೀವಿಯು ಸಕ್ಕರೆಯನ್ನು ತಿಂದು ಎರಡು ವಸ್ತುಗಳನ್ನು ಬಿಡುತ್ತದೆ: ಒಂದು ನೊರೆಗೆ ಕಾರಣವಾದ ಅನಿಲ, ಮತ್ತೊಂದು ಅಮಲಿಗೆ ಕಾರಣವಾದ ಮದ್ಯಸಾರ. ದೋಸೆಯ ಹಿಟ್ಟು ಉಬ್ಬುವುದೂ ಇಂತಹ ಜೀವಿಗಳಿಂದಲೇ ಅಲ್ಲವೆ?

ಯೀಸ್ಟಿನ ಮಹಿಮೆ ಬಹುಕಾಲ ಯಾರಿಗೂ ತಿಳಿದಿರಲಿಲ್ಲ. ಜರ್ಮನಿಯ ಬವೇರಿಯ ಪ್ರಾಂತದಲ್ಲಿ ೧೫೧೬ರಲ್ಲಿ ಹೊರಟ ರಾಜಶಾಸನವು ಬಾರ್ಲಿ, ಹಾಪ್ಸ್, ನೀರು ಎಂಬ ಮೂರನ್ನು ಮಾತ್ರ ಹೇಳಿ, ಕಾರ್ಯವನ್ನು ನಡೆಯಿಸುವ ನಾಲ್ಕನೆಯದನ್ನು ಹೇಳಲೇ ಇಲ್ಲ. ಫ್ರಾನ್ಸಿನ ಲೂಯಿ ಪಾಶ್ಚರ್ ಮಹಾಶಯನು ೧೮೭೬ರಲ್ಲಿ ಬಿಯರಿನ ವಿಷಯವಾಗಿಯೇ ಗ್ರಂಥವೊಂದನ್ನು ಪ್ರಕಟಿಸಿ ಈ ಜೀವಿಗಳ ವ್ಯಾಪಾರವನ್ನು ವಿವರಿಸಿದನು.

ಇದೆಲ್ಲ ಪಾಶ್ಚಾತ್ಯರ ವಿದ್ಯೆಯೆಂದು ಭಾವಿಸಿದರೆ ಅದೂ ಸರಿಯಲ್ಲ. ವೈದಿಕವಾದ ಸೌತ್ರಾಮಣೀ ಯಾಗದಲ್ಲಿ ಸುರೆಯ ತಯಾರಿಕೆಗೆ ‘ಶಷ್ಪ’ವೆಂದರೆ ಮೊಳೆತ ಭತ್ತ, ‘ತೋಕ್ಮ’ವೆಂದರೆ ಮೊಳೆತ ಜವೆ, ಇವುಗಳನ್ನು ಹೇಳಿದೆ. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಸುರಾಧ್ಯಕ್ಷನೆಂಬ ಅಧಿಕಾರಿಗೆ ಒಂದು ಪ್ರಕರಣವೇ ಮೀಸಲಾಗಿದೆ. ಆ ಗ್ರಂಥದ ತಾಳೆಯೋಲೆಯನ್ನು ನಮ್ಮ ಮೈಸೂರಿನ ಪ್ರಾಚ್ಯ ಪುಸ್ತಕಭಂಡಾರದಲ್ಲಿಯೇ ಗುರುತಿಸಿ, ೧೯೦೯ರಲ್ಲಿ ಅಚ್ಚುಮಾಡಿಸಿದ ಆರ್. ಶಾಮಾಶಾಸ್ತ್ರಿಗಳನ್ನು ಮೈಸೂರಿನವರು ಮರೆಯುವಂತಿಲ್ಲ. ಅದರಲ್ಲಿ ‘ಮೇದಕ’ವೆಂಬ ಪಾನೀಯಕ್ಕೆ ಒಂದು ದ್ರೋಣ ನೀರು, ಅರ್ಧ ಆಢಕ ಅಕ್ಕಿ, ಮೂರು ಪ್ರಸ್ಥ ಕಿಣ್ವ ಎಂದು ಅಳತೆಯೂ ಉಂಟು. ಈ ‘ಕಿಣ್ವ’ವು ಹುದುಗೆಬ್ಬಿಸುವ ದ್ರವ್ಯ. ನಡತೆ ತಿಳಿದವರಿಗೆ ಮಾತ್ರ, ಅದೂ ಅಲ್ಪ ಪ್ರಮಾಣದಲ್ಲಿ ಕೊಡತಕ್ಕದ್ದೆಂಬ ಕಟ್ಟಳೆಯನ್ನೂ ಕೌಟಿಲ್ಯನು ಹೇಳಿದ್ದಾನೆ. ಚರಕಸಂಹಿತೆಯಲ್ಲಿ ಎಂಬತ್ತನಾಲ್ಕು ಬಗೆಯ ಆಸವಗಳ ಗಣನೆಯಿದೆ. ನಮ್ಮ ಮನೆಗಳಲ್ಲಿ ಬಾಣಂತಿಯರಿಗೆ ಕೊಡುವ ದಶಮೂಲಾರಿಷ್ಟದಲ್ಲಿಯೂ ಹುದುಗಿನಿಂದ ತಾನಾಗಿ ಹುಟ್ಟಿದ ಮದ್ಯಸಾರವು ಇರುತ್ತದೆ. ಶೀಸೆಯ ಮೇಲಿನ ಚೀಟಿಯನ್ನು ಓದಿದರೆ ತಿಳಿಯುವುದು. ನಮ್ಮ ಪೂರ್ವಿಕರು ಈ ವಸ್ತುವನ್ನು ಅರಿಯದೆ ನಿಷೇಧಿಸಲಿಲ್ಲ. ಚೆನ್ನಾಗಿ ಅರಿತೇ ನಿಷೇಧಿಸಿದರು, ಇಲ್ಲವೆ ಅಳೆದು ಕೊಟ್ಟರು.

ಇನ್ನು ಗೋಷ್ಠಿಯ ಕ್ರಮ. ಪ್ರತಿಯೊಬ್ಬರ ಮುಂದೆಯೂ ನಾಲ್ಕು ಪುಟ್ಟ ಲೋಟಗಳು, ಒಂದೊಂದರಲ್ಲಿಯೂ ನೂರು ಮಿಲಿಲೀಟರಿನಷ್ಟು. ತೆಳುವಾದುದರಿಂದ ಗಾಢವಾದುದಕ್ಕೆ ಹೋಗಬೇಕು. ಮಧ್ಯೆ ನೀರು ಕುಡಿದು ಬಾಯಿ ತೊಳೆದುಕೊಳ್ಳಬೇಕು. ಮೊದಲು ಬಣ್ಣವನ್ನೂ ನೊರೆಯನ್ನೂ ನೋಡುವುದು, ಬಳಿಕ ಮೂಸುವುದು, ಕಡೆಗೆ ಒಂದು ಗುಟುಕು. ಗೋದಿಯ ಬಿಯರಿನಲ್ಲಿ ಪಕ್ವವಾದ ಬಾಳೆಹಣ್ಣಿನ ಮತ್ತು ಲವಂಗದ ವಾಸನೆ. ಆದರೆ ಅದರಲ್ಲಿ ಬಾಳೆಯೂ ಇಲ್ಲ, ಲವಂಗವೂ ಇಲ್ಲ, ಎರಡೂ ಯೀಸ್ಟಿನ ಸೃಷ್ಟಿ. ಎರಡನೆಯದು ಹಾಪ್ಸಿನ ಕಹಿಯಿಂದ ಕಿತ್ತಳೆಯ ಸಿಪ್ಪೆಯನ್ನು ನೆನಪಿಗೆ ತರುವಂತಹುದು. ಮೂರನೆಯದರಲ್ಲಿ ನಮ್ಮ ರಾಗಿಯನ್ನು ಸೇರಿಸಿದ್ದರು. ಸಿಕ್ಕಿಂ ದೇಶದಲ್ಲಿ ‘ತೊಂಗ್ಬಾ’ ಎಂಬ ಪಾನೀಯವನ್ನು ರಾಗಿಯಿಂದಲೇ ಮಾಡುವುದುಂಟು. ಇಲ್ಲಿ ಅದು ಹೊಸದು. ನಾಲ್ಕನೆಯದು ಕಪ್ಪು, ಕರಿಯಾಗುವಂತೆ ಹುರಿದ ಬಾರ್ಲಿಯಿಂದಾದುದು. ಅದರಲ್ಲಿ ಕಾಫಿಯ ಘಮವಿತ್ತು.

ನಾನು ನಾಲ್ಕನ್ನೂ ಮೂಸಿದೆನು, ಒಂದನ್ನೂ ಕುಡಿಯಲಿಲ್ಲ. ಮದ್ಯವನ್ನು ಮೂಸುವುದನ್ನೂ ಮನುವು ದೋಷಗಳ ಪಟ್ಟಿಯಲ್ಲಿ ಸೇರಿಸಿದ್ದಾನೆಂಬುದು ಆಗಲೇ ಸ್ಮರಣೆಗೆ ಬಂದು, ಅದನ್ನು ಅಳಿಯನಿಗೆ ಹೇಳಿದೆನು. ಅವನು ನಕ್ಕು, “ಹಾಗಾದರೆ ಮಾವ, ಅರ್ಧ ದೋಷ ನಿಮಗೂ ಬಂದಹಾಗಾಯಿತು” ಎಂದನು.

ಮಾರ್ಗದರ್ಶಿಯ ಮಾತುಗಳಲ್ಲಿ ನನಗೆ ಬಹಳ ಹಿಡಿಸಿದ್ದು ಘ್ರಾಣದ ವಿಷಯ. ನಾವು ರುಚಿಯೆನ್ನುವುದರಲ್ಲಿ ಬಹುಭಾಗವು ವಾಸನೆಯೇ. ಮೂಗನ್ನು ಬಿಗಿಹಿಡಿದು ಕುಡಿದವರಿಗೆ ಗೋದಿಯದಕ್ಕೂ ಕಪ್ಪಿನದಕ್ಕೂ ಭೇದವು ಅಷ್ಟಾಗಿ ಗೊತ್ತಾಗಲಿಲ್ಲ. ನಾಲಗೆಯ ತುದಿಯಲ್ಲಿ ಸಿಹಿ, ಹಿಂಬದಿಯಲ್ಲಿ ಕಹಿ ಎಂದು ಪಾಠಪುಸ್ತಕಗಳಲ್ಲಿ ಬರೆಯುತ್ತಿದ್ದ ಚಿತ್ರವು ನಿಜವಲ್ಲ. ನಾಲಗೆಯ ರುಚಿಯರಿಯುವ ಭಾಗಗಳೆಲ್ಲವೂ ಎಲ್ಲಾ ರಸಗಳನ್ನೂ ಗ್ರಹಿಸುತ್ತವೆ. ರುಚಿಪರೀಕ್ಷೆಯು ಒಂದು ಶಾಸ್ತ್ರವೆಂಬುದಕ್ಕೆ ಮೈಸೂರಿನವರು ದೂರ ಹೋಗಬೇಕಾಗಿಲ್ಲ. ೧೯೫೦ರಲ್ಲಿ ನಮ್ಮ ಚೆಲುವಾಂಬ ವಿಲಾಸದಲ್ಲಿ ಪ್ರಾರಂಭವಾದ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾಲಯದಲ್ಲಿ ಇದನ್ನು ಕ್ರಮಬದ್ಧವಾಗಿ ನಡೆಯಿಸುತ್ತ ಬಂದಿದ್ದಾರೆ.

ಇಲ್ಲಿಯವರೆಗೆ ಎಲ್ಲವೂ ವಿದ್ಯೆ. ಆದರೆ ನಾನು ಗಣಿತವನ್ನೂ ಕೆಲವು ವರ್ಷ ಹೇಳಿಕೊಟ್ಟವನು. ಲೆಕ್ಕ ಹಾಕದೆ ಇರಲಾರೆನು. ಲೋಟಗಳು ಪುಟ್ಟವಾದರೂ ನಾಲ್ಕು ಸೇರಿದರೆ ೪೦೦ ಮಿಲಿಲೀಟರು. ನೂರಕ್ಕೆ ಐದರ ಪ್ರಮಾಣವೆಂದರೆ ಮದ್ಯಸಾರ ೨೦ ಮಿಲಿಲೀಟರು, ತೂಕದಲ್ಲಿ ಸುಮಾರು ೧೬ ಗ್ರಾಂ. ೩೩೦ ಮಿಲಿಲೀಟರಿನ ಒಂದು ಶೀಸೆ ಬಿಯರಿನಲ್ಲಿರುವುದು ಸುಮಾರು ೧೩ ಗ್ರಾಂ. ಎಂದರೆ, “ಸುಮ್ಮನೆ ರುಚಿ ನೋಡಿದೆ” ಎನ್ನುವವನು ಒಂದು ಪೂರ್ಣ ಶೀಸೆಗಿಂತ ಹೆಚ್ಚಾಗಿಯೇ ಕುಡಿದಿರುತ್ತಾನೆ. ನಮ್ಮ ಯಕೃತ್ತು ಘಂಟೆಯೊಂದಕ್ಕೆ ಕರಗಿಸಬಲ್ಲದು ಏಳರಿಂದ ಹತ್ತು ಗ್ರಾಂ ಮಾತ್ರ. ಅಷ್ಟು ಇಳಿಯುವುದಕ್ಕೆ ಎರಡು ಘಂಟೆಯ ಕಾಲವಾದರೂ ಬೇಕು. ತಣ್ಣೀರು ಸ್ನಾನದಿಂದಾಗಲಿ ಕಾಫಿಯಿಂದಾಗಲಿ ಅದು ಬೇಗನೆ ಇಳಿಯುವುದಿಲ್ಲ. ವಾಹನ ನಡೆಯಿಸುವವನ ನೂರು ಮಿಲಿಲೀಟರು ರಕ್ತದಲ್ಲಿ ೩೦ ಮಿಲಿಗ್ರಾಮಿಗಿಂತ ಹೆಚ್ಚು ಮದ್ಯಸಾರ ಕಂಡರೆ ನಮ್ಮ ದೇಶದ ಕಾನೂನಿನಂತೆ ಅಪರಾಧ.

ಈ ಲೆಕ್ಕವನ್ನು ನಾನು ಅಲ್ಲಿಯ ಕಾಗದದ ಕೈವಸ್ತ್ರವೊಂದರ ಮೇಲೆ ಬರೆದು ಅಳಿಯನ ಮುಂದಿಟ್ಟೆನು. ಅವನು ತನ್ನ ದ್ವಿಚಕ್ರವಾಹನದಲ್ಲಿ ನನ್ನನ್ನು ಕೂರಿಸಿಕೊಂಡು ಬಂದಿದ್ದನು. ಬಹಳ ಹೊತ್ತು ಆ ಕಾಗದವನ್ನೇ ನೋಡಿ, ನಾಲ್ಕನೆಯ ಲೋಟವನ್ನು ಮುಟ್ಟದೆ ಪಕ್ಕಕ್ಕೆ ಸರಿಸಿದನು. ವಾಹನವನ್ನು ಅಲ್ಲಿಯೇ ಬಿಟ್ಟು ಇಬ್ಬರೂ ಮೆಟ್ರೋ ರೈಲಿನಲ್ಲಿ ಮನೆಗೆ ಹೋದೆವು.

ದಾರಿಯಲ್ಲಿ ಅವನು, “ಇಷ್ಟು ಸ್ವಲ್ಪಕ್ಕೆ ನೀವೇಕೆ ಇಷ್ಟು ಹೆದರುತ್ತೀರಿ, ಮಾವ?” ಎಂದು ಕೇಳಿದನು. ಆಗ ನಾನು ನನ್ನ ಶಿಷ್ಯನೊಬ್ಬನ ಕಥೆಯನ್ನು ಹೇಳಿದೆನು. ತರಗತಿಗೆ ಮೊದಲಿಗ, ಸುಸ್ವಭಾವದವನು, ದೊಡ್ಡ ಹುದ್ದೆಗೆ ಏರಿದವನು. ನಲವತ್ತೆರಡನೆಯ ವಯಸ್ಸಿನಲ್ಲಿ ಯಕೃತ್ತಿನ ರೋಗದಿಂದ ತೀರಿಕೊಂಡನು. ಉತ್ತರಕ್ರಿಯೆಗಳೆಲ್ಲ ಮುಗಿದ ಮೇಲೆ ಅವನ ತಾಯಿಯನ್ನು ನೋಡಲು ಹೋಗಿದ್ದೆನು. ಆಕೆ ಅಳಲಿಲ್ಲ. “ಮೊದಮೊದಲು ರುಚಿಗೆಂದೇ ಕುಡಿದನಂತೆ, ಮೇಷ್ಟ್ರೇ. ಆ ರುಚಿ ಯಾವತ್ತು ಹೋಯಿತೋ ನಮಗೂ ತಿಳಿಯಲಿಲ್ಲ, ಅವನಿಗೂ ತಿಳಿಯಲಿಲ್ಲ” ಎಂದಷ್ಟೇ ಹೇಳಿದಳು. ಅಳಿಯನು ಮರುಮಾತಾಡಲಿಲ್ಲ.

ಆ ತಾಯಿಯ ಮಾತಿನಲ್ಲಿ ವಿಷಯದ ಮರ್ಮವೆಲ್ಲ ಅಡಗಿದೆಯೆಂದು ನನ್ನ ಭಾವನೆ. ರುಚಿಗಾಗಿ ಕುಡಿಯುವವನಿಗೆ ಒಂದು ಗುಟುಕು ಸಾಕು. ಎರಡನೆಯ ಲೋಟವನ್ನು ಕೇಳುವುದು ನಾಲಗೆಯಲ್ಲ, ಅಮಲು. ಆ ಗೋಷ್ಠಿಯ ಮಾರ್ಗದರ್ಶಿಯೇ ಮಾತಿನ ನಡುವೆ, ತನ್ನ ಕಸುಬಿಗೆ ಮೂಗೇ ಬಂಡವಾಳವೆಂದೂ, ಅಮಲೇರಿದವನು ರುಚಿಪರೀಕ್ಷೆಗೆ ಅಯೋಗ್ಯನೆಂದೂ ಹೇಳಿದ್ದನು.

ಮತ್ತೊಂದು ಮಾತು. ೨೦೦೭ರ ಜುಲೈ ತಿಂಗಳಲ್ಲಿ ನಮ್ಮ ರಾಜ್ಯವು ಬಡವರ ಸಾರಾಯಿಯನ್ನು ನಿಷೇಧಿಸಿತು. ಉಳ್ಳವರ ಬಿಯರಿಗೆ ಗಾಜಿನ ಗೋಡೆ, ಉಪನ್ಯಾಸ, ಪರಿಮಳಗಳ ನಾಮಾವಳಿ ಇವೆಲ್ಲ ದೊರೆತಿವೆ. ಆದರೆ ಯಕೃತ್ತಿಗೆ ಜಾತಿಯೂ ಅಂತಸ್ತೂ ತಿಳಿಯವು. ಪ್ಲಾಸ್ಟಿಕ್ ಚೀಲದಿಂದ ಬಂದರೂ ಸ್ಫಟಿಕದ ಲೋಟದಿಂದ ಬಂದರೂ ಮದ್ಯಸಾರವು ಮದ್ಯಸಾರವೇ. ಅದು ಮನುಷ್ಯರಲ್ಲಿ ಅರ್ಬುದರೋಗಕ್ಕೆ ನಿಶ್ಚಿತವಾದ ಕಾರಣಗಳಲ್ಲೊಂದೆಂದು ಅಂತರರಾಷ್ಟ್ರೀಯ ಸಂಶೋಧನ ಸಂಸ್ಥೆಯು ೧೯೮೮ರಲ್ಲಿಯೇ ನಿರ್ಣಯಿಸಿತು. ಇಷ್ಟು ಕುಡಿದರೆ ಅಪಾಯವೇ ಇಲ್ಲವೆನ್ನಬಹುದಾದ ಪ್ರಮಾಣವಿಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆಯು ೨೦೨೩ರಲ್ಲಿ ಸಾರಿತು.

ಗೃಹಸ್ಥರಲ್ಲಿ ನನ್ನ ವಿಜ್ಞಾಪನೆ ಇಷ್ಟೇ. ಮನೆಯ ಮಕ್ಕಳು ಇಂತಹ ಗೋಷ್ಠಿಯ ಪ್ರಸ್ತಾಪ ಮಾಡಿದಾಗ ಮುಖ ತಿರುಗಿಸಬೇಡಿ. ಬಾಯಿ ಮುಚ್ಚಿಸಿದರೆ ಅವರು ಹೋಗುವುದನ್ನು ಬಿಡುವುದಿಲ್ಲ, ಹೇಳುವುದನ್ನು ಬಿಡುತ್ತಾರೆ. ಮೊಳಕೆಯ ರಹಸ್ಯವನ್ನೂ ಹುದುಗಿನ ವಿಚಿತ್ರವನ್ನೂ ತಿಳಿಯಲು ಬಯಸಿದರೆ ತಿಳಿಯಲಿ, ಅದರಲ್ಲಿ ದೋಷವಿಲ್ಲ. ಅದರೊಡನೆ ಹದಿನಾರು ಗ್ರಾಮಿನ ಲೆಕ್ಕವೂ ಎರಡು ಘಂಟೆಯ ಲೆಕ್ಕವೂ ಅವರಿಗೆ ಕಂಠಸ್ಥವಾಗಿರಲಿ. ಕುಡಿಯದೆ ಕುಳಿತವನನ್ನು ಕಂಡು ಯಾರಾದರೂ ನಕ್ಕರೆ, ನಗುವವರೊಡನೆ ನಕ್ಕು ಸುಮ್ಮನಿರುವಷ್ಟು ಧೈರ್ಯವೂ ಅವರಿಗಿರಲಿ. ಆ ಧೈರ್ಯವನ್ನು ಯಾವ ಮಾರ್ಗದರ್ಶಿಯೂ ಕಲಿಸಲಾರನು. ಅದು ಮನೆಯಲ್ಲಿಯೇ ಬರಬೇಕು.