ಕಾಠಿಯಾವಾಡಿ ಕುದುರೆಗೆ ಹಸುವಿನ ಮೇವಿನ ಲೆಕ್ಕ ಸಲ್ಲದು

ಗುಜರಾತಿನ ಸೌರಾಷ್ಟ್ರ ಭಾಗದ ಕಾಠಿಯಾವಾಡಿ ಕುದುರೆಯನ್ನು ಕಿವಿಯಿಂದಲೇ ಗುರುತಿಸಬಹುದು. ಎರಡೂ ಕಿವಿಗಳು ಒಳಕ್ಕೆ ಬಾಗಿ ತುದಿಗಳು ಒಂದನ್ನೊಂದು ಮುಟ್ಟುವಂತಿರುತ್ತವೆ. ಎತ್ತರ ಸುಮಾರು 147 ಸೆಂ.ಮೀ. ಬಿಸಿಲಿಗೂ ಕಡಿಮೆ ಮೇವಿಗೂ ಒಗ್ಗಿದ ತಳಿ. ಹಿಂದೆ ಯುದ್ಧಕ್ಕೆ ಬಳಸುತ್ತಿದ್ದರು. ಈಗ ಸವಾರಿ, ಗಾಡಿ, ಪೊಲೀಸ್ ಗಸ್ತು, ಆಟೋಟ ಎಲ್ಲಕ್ಕೂ ಸೈ. 'ರೇವಾಲ್' ಎಂಬ ಇದರ ನಡಿಗೆಯಲ್ಲಿ ಸವಾರನಿಗೆ ಕುಲುಕಾಟ ಕಡಿಮೆ.

ಇಷ್ಟು ಗಟ್ಟಿ ಪ್ರಾಣಿಯೂ ಮೇವು ತಪ್ಪಿದರೆ ಒಂದೇ ದಿನದಲ್ಲಿ ಸಾಯಬಹುದು. ಕುದುರೆ ಸಾಕಬೇಕೆನ್ನುವ ಸದಸ್ಯರು, ಅದರಲ್ಲೂ ಹಸು ಸಾಕಿ ಪಳಗಿದವರು, ಇದನ್ನು ಗಮನಿಸಬೇಕು. ಹಸುವಿನ ಹೊಟ್ಟೆಗೆ ನಾಲ್ಕು ಭಾಗ. ಕುದುರೆಯದು ಒಂದೇ, ಅದೂ ಚಿಕ್ಕದು. ಅದು ಮೆಲುಕು ಹಾಕುವುದಿಲ್ಲ, ವಾಂತಿಯನ್ನೂ ಮಾಡಲಾರದು. ಆದ್ದರಿಂದ ಹುಲ್ಲನ್ನು ದಿನವಿಡೀ ಸ್ವಲ್ಪ ಸ್ವಲ್ಪವಾಗಿ, ಕಾಳನ್ನು ಎರಡು ಮೂರು ಸಲ ಹಂಚಿ ಕೊಡಿ. ಬೂಷ್ಟು ಹಿಡಿದ ಹುಲ್ಲು ಬೇಡವೇ ಬೇಡ. ದನಕ್ಕೆಂದು ತಂದ ಪಶು ಆಹಾರವನ್ನು ಹಾಕಬೇಡಿ. ಕೆಲವು ಪಶು ಆಹಾರಗಳಲ್ಲಿ ಸೇರಿಸುವ ಮೊನೆನ್ಸಿನ್ ದನಕ್ಕೆ ಒಗ್ಗುತ್ತದೆ, ಕುದುರೆಯ ಹೃದಯಕ್ಕೆ ಅದು ವಿಷ.

ಕುದುರೆ ಮೇವು ಬಿಟ್ಟು, ನೆಲ ಕೆರೆದು, ಹೊಟ್ಟೆಯತ್ತ ತಿರುಗಿ ನೋಡುತ್ತ ಹೊರಳಾಡಿದರೆ ಹೊಟ್ಟೆಶೂಲೆ ಎಂದು ತಿಳಿಯಿರಿ. ಮುಂದಿರುವ ಮೇವು ತೆಗೆದು ಕೂಡಲೇ ಪಶುವೈದ್ಯರನ್ನು ಕರೆಸಿ. ಗೊಟ್ಟದಲ್ಲಿ ಎಣ್ಣೆ ಕುಡಿಸಬೇಡಿ, ಶ್ವಾಸಕೋಶಕ್ಕೆ ಇಳಿದೀತು.

ಗೊರಸನ್ನು ದಿನಾ ಶುಚಿ ಮಾಡಿ, ಆರರಿಂದ ಎಂಟು ವಾರಕ್ಕೊಮ್ಮೆ ಸವರಿಸಿ ಲಾಳ ಕಟ್ಟಿಸಿ. ಮೊಳೆ ಚುಚ್ಚಿದ ಸಣ್ಣ ಗಾಯದಿಂದಲೂ ಧನುರ್ವಾಯು ಬರುತ್ತದೆ. ದನಕ್ಕಿಂತ ಕುದುರೆಗೆ ಈ ಭಯ ಹೆಚ್ಚು, ಲಸಿಕೆ ಮೊದಲೇ ಹಾಕಿಸಿರಿ.