ತೊಂಬತ್ತರಲ್ಲಿ ಮರಳಿದ ಕಸುವು

ಕುರ್ಚಿಯಿಂದ ಏಳಲು ಎರಡು ಕೈಗಳನ್ನೂ ಊರಬೇಕಾದ ಕಾಲವೊಂದು ಬರುತ್ತದೆ. “ವಯಸ್ಸಾಯಿತು, ಇನ್ನು ಇಷ್ಟೇ” ಎಂದು ಮನೆಮಂದಿಯೆಲ್ಲ ಒಪ್ಪಿಕೊಳ್ಳುತ್ತಾರೆ. ಹಿರಿಯರ ಕೈಯಿಂದ ನೀರಿನ ಬಿಂದಿಗೆ, ತರಕಾರಿಯ ಚೀಲಗಳನ್ನು ಪ್ರೀತಿಯಿಂದಲೇ ಕಸಿದುಕೊಳ್ಳುವುದು ಅಂದಿನಿಂದ ಮೊದಲಾಗುತ್ತದೆ. ಆ ಪ್ರೀತಿ ನಿಜವಾಗಿಯೂ ಹಿತವೇ ಎಂಬ ಸಂದೇಹವನ್ನು ಹುಟ್ಟಿಸುವ ಪ್ರಯೋಗವೊಂದು ಅಮೆರಿಕದ ಬಾಸ್ಟನ್ ನಗರದಲ್ಲಿ ನಡೆಯಿತು.

ಅಲ್ಲಿಯ ಹೀಬ್ರೂ ರಿಹ್ಯಾಬಿಲಿಟೇಶನ್ ಸೆಂಟರ್ ಎಂಬ ವೃದ್ಧರ ಆರೈಕೆಯ ಸಂಸ್ಥೆಯಲ್ಲಿದ್ದ ಹತ್ತು ಮಂದಿಯನ್ನು, ಹೃದಯದ ಸ್ಥಿತಿಯನ್ನು ನೋಡಿಕೊಂಡು, ಡಾಕ್ಟರ್ ಮರಿಯಾ ಫಿಯಾಟರೋನ್ ಮತ್ತು ಸಂಗಡಿಗರು ಆರಿಸಿಕೊಂಡರು. ಎಲ್ಲರೂ ೮೬ರಿಂದ ೯೬ ವರ್ಷದವರು. ಕುಳಿತು, ಕಾಲಿಗೆ ಭಾರ ಹೂಡಿ, ಮಂಡಿಯನ್ನು ನಿಧಾನವಾಗಿ ನೀಡುವುದು, ಅಷ್ಟೇ ನಿಧಾನವಾಗಿ ಇಳಿಸುವುದು: ಇದಿಷ್ಟೇ ವ್ಯಾಯಾಮ. ಒಮ್ಮೆ ಎತ್ತಿಳಿಸಲು ಆರರಿಂದ ಒಂಬತ್ತು ಸೆಕೆಂಡು. ಹೀಗೆ ಎಂಟು ಸಲ. ಒಂದೆರಡು ನಿಮಿಷ ವಿಶ್ರಾಂತಿ. ಒಟ್ಟು ಮೂರು ಸುತ್ತು. ವಾರಕ್ಕೆ ಮೂರು ದಿನದಂತೆ ಎಂಟು ವಾರ. ಅಚ್ಚರಿಯೆಂದರೆ, ಭಾರವೇನೂ ಹಗುರವಾಗಿರಲಿಲ್ಲ. ಒಬ್ಬರು ಒಮ್ಮೆಗೆ ಎತ್ತಬಲ್ಲ ಗರಿಷ್ಠ ಭಾರದ ಅರ್ಧದಿಂದ ಆರಂಭಿಸಿ, ಎರಡನೆಯ ವಾರಕ್ಕೆ ನೂರಕ್ಕೆ ಎಂಬತ್ತು ಪಾಲಿಗೆ ಏರಿಸಲಾಯಿತು!

ಕೊನೆಯವರೆಗೆ ಉಳಿದವರು ಒಂಬತ್ತು ಮಂದಿ. ೧೯೯೦ರಲ್ಲಿ ಪ್ರಕಟವಾದ ವರದಿಯಂತೆ ಅವರ ಕಾಲಿನ ಬಲ ಸರಾಸರಿ ನೂರಕ್ಕೆ ೧೭೪ರಷ್ಟು ಹೆಚ್ಚಿತ್ತು. ಇಬ್ಬರು ಊರುಗೋಲನ್ನು ಬಿಟ್ಟು ನಡೆದರು. ಕೈಯೂರದೆ ಏಳಲಾರದಿದ್ದ ಮೂವರಲ್ಲಿ ಒಬ್ಬರು ಎದ್ದು ನಿಂತರು. ಆದರೆ ತೊಡೆಯ ಸ್ನಾಯು ದಪ್ಪವಾದುದು ನೂರಕ್ಕೆ ಒಂಬತ್ತರಷ್ಟು ಮಾತ್ರ. ಹಾಗಾದರೆ ಉಳಿದ ಬಲ ಎಲ್ಲಿಂದ ಬಂದಿತು? ಬಹುಪಾಲು ನರಗಳಿಂದ. ಬಳಕೆಯಿಲ್ಲದೆ ಸುಮ್ಮನಿದ್ದ ಸ್ನಾಯುತಂತುಗಳನ್ನು ಒಟ್ಟಿಗೆ ದುಡಿಮೆಗೆ ಕರೆಯುವುದನ್ನು ನರಗಳು ತೊಂಬತ್ತರಲ್ಲಿಯೂ ಮತ್ತೆ ಕಲಿಯಬಲ್ಲವು.

ಮುಪ್ಪಿನ ಈ ಸ್ನಾಯುಕ್ಷಯಕ್ಕೆ ‘ಸಾರ್ಕೊಪೀನಿಯ’ ಎಂದು ಹೆಸರು. ಗ್ರೀಕ್ ಮೂಲದ ಈ ಪದಕ್ಕೆ ಮಾಂಸದ ಬಡತನವೆಂದರ್ಥ. ಇದನ್ನು ಟಂಕಿಸಿದವರು ಅರ್ವಿನ್ ರೋಸೆನ್‌ಬರ್ಗ್, ಎಂಬತ್ತರ ದಶಕದ ಕೊನೆಯಲ್ಲಿ. ಬಡತನವೆಂದೊಡನೆ ಹಾಲು ತುಪ್ಪಗಳ ನೆನಪಾಗುವುದು ಸಹಜವೇ. ಆಹಾರವಿಲ್ಲದೆ ಸ್ನಾಯು ಬೆಳೆಯದೆಂಬುದೂ ದಿಟವೇ. ಆದರೆ ಅದೇ ತಂಡ ನೂರು ಮಂದಿಯ ಮೇಲೆ ನಡೆಸಿ ೧೯೯೪ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಬರಿಯ ಪುಷ್ಟಿಕರ ಪಾನೀಯ ಕುಡಿದವರ ನಿಶ್ಶಕ್ತಿ ಕಡಮೆಯಾಗಲಿಲ್ಲ. ಭಾರವೆತ್ತಿದವರು ಮಾತ್ರ ಬಲಗೊಂಡರು. ಸಂಜೆಯ ನಡಿಗೆ ಹೃದಯಕ್ಕೆ ಒಳಿತು, ಮನಸ್ಸಿಗೂ ಒಳಿತು. ಆದರೆ ಮೆಟ್ಟಿಲೇರುವ ಬಲವನ್ನು ತೊಡೆಗೆ ತುಂಬಲು ಅದೊಂದೇ ಸಾಲದು.

ಮನೆಯಲ್ಲಿ ಯಂತ್ರವಿಲ್ಲದವರಿಗೆ ಗಟ್ಟಿಯಾದ ಕುರ್ಚಿಯೇ ಸಾಕು. ವೈದ್ಯರನ್ನು ಕೇಳಿಕೊಂಡು, ಗೋಡೆಗೆ ಒತ್ತರಿಸಿದ ಕುರ್ಚಿಯಿಂದ ಕೈಯೂರದೆ ಎದ್ದು, ಮೆಲ್ಲನೆ ಕೂರುವುದನ್ನು ಅಭ್ಯಾಸ ಮಾಡಬಹುದು. ಮೊದಮೊದಲು ಪಕ್ಕದಲ್ಲಿ ಒಬ್ಬರಿರಬೇಕು. ಅಭ್ಯಾಸ ನಿಲ್ಲಬಾರದು. ಬಾಸ್ಟನ್ನಿನ ಆ ವೃದ್ಧರು ವ್ಯಾಯಾಮ ಬಿಟ್ಟ ನಾಲ್ಕೇ ವಾರಗಳಲ್ಲಿ ಅವರ ಬಲದಲ್ಲಿ ನೂರಕ್ಕೆ ೩೨ ಪಾಲು ಇಳಿದುಹೋಗಿತ್ತು.