ಮನೆ ಹೊರದೇಶದಲ್ಲಿ, ತೆರಿಗೆ ಊರಲ್ಲೂ

“ಮನಿ ಅಮೆರಿಕಾದಾಗ ಐತಿ, ಬಾಡಿಗಿ ಅಲ್ಲಿ ಬ್ಯಾಂಕಿಗೇ ಬೀಳ್ತೈತಿ, ತೆರಿಗಿನೂ ಅಲ್ಲೇ ತುಂಬೇವಿ. ಇಲ್ಲಿಯವರಿಗೇನ್ ಸಂಬಂಧ?” ಬಾಗಲಕೋಟೆ, ವಿಜಯಪುರದಲ್ಲಿ ಇಂಜಿನಿಯರಿಂಗ್ ಓದಿ ಹೊರದೇಶದಲ್ಲಿ ದುಡಿದವರು ಮುದ್ದೇಬಿಹಾಳ ತಾಲ್ಲೂಕಿನ ತಂಗಡಗಿಯಂಥ ಊರಿಗೆ ಮರಳಿದರೆ ಹೀಗನ್ನಿಸುವುದು ಸಹಜ. ಆದರೆ ಅದು ತಪ್ಪು.

ಹೊರಗಿದ್ದಾಗ ಕೊಂಡ ಮನೆಯನ್ನು ಇಟ್ಟುಕೊಳ್ಳಲು ಅಡ್ಡಿಯಿಲ್ಲ. ದೀರ್ಘಕಾಲ ಹೊರಗಿದ್ದು ಬಂದವರಿಗೆ ಮೊದಲ ಎರಡು-ಮೂರು ವರ್ಷ ಅಲ್ಲಿನ ಬಾಡಿಗೆಗೆ ಇಲ್ಲಿ ತೆರಿಗೆಯೂ ಇರುವುದಿಲ್ಲ. ಆ ಅವಧಿ ಮುಗಿಯಿತೆಂದರೆ, ಹಣ ಭಾರತಕ್ಕೆ ಬರಲಿ ಬಿಡಲಿ, ಎಲ್ಲಿಯ ಬಾಡಿಗೆಯೂ ಇಲ್ಲಿನ ಆದಾಯವೇ. ದುಬೈ ಫ್ಲ್ಯಾಟಿನ ಬಾಡಿಗೆಗೆ ಅಲ್ಲಿ ಆದಾಯ ತೆರಿಗೆ ಇಲ್ಲ, ಇಲ್ಲಿ ಇದೆ.

“ಎರಡು ದೇಶಗಳ ಒಪ್ಪಂದ ಇದೆಯಲ್ಲ” ಎನ್ನುವವರಿದ್ದಾರೆ. ಒಪ್ಪಂದ ಕೊಡುವುದು ಮಾಫಿಯನ್ನಲ್ಲ. ಅಲ್ಲಿ ಕಟ್ಟಿದ್ದನ್ನು ಇಲ್ಲಿನ ತೆರಿಗೆಯಲ್ಲಿ ಕಳೆದುಕೊಳ್ಳಬಹುದು, ಅಷ್ಟೇ. 2008ರ ಕೇಂದ್ರದ ಅಧಿಸೂಚನೆ ಇದನ್ನು ಸ್ಪಷ್ಟಪಡಿಸಿದೆ.

ನಿಜವಾದ ಪೆಟ್ಟು ಬೀಳುವುದು ಲೆಕ್ಕದಲ್ಲಿ. ಸಾಲವಿಲ್ಲದ ಅಮೆರಿಕದ ಮನೆಯೊಂದಕ್ಕೆ ವರ್ಷಕ್ಕೆ 24,000 ಡಾಲರ್ ಬಾಡಿಗೆ, 4,000 ಸ್ಥಳೀಯ ಮನೆ ತೆರಿಗೆ, 5,000 ವಿಮೆ-ದುರಸ್ತಿ-ಏಜೆಂಟರ ಖರ್ಚು ಎಂದಿಟ್ಟುಕೊಳ್ಳಿ. ನಿವ್ವಳ ಆದಾಯದ ಮೇಲೆ ತೆರಿಗೆ ಕಟ್ಟುವ ಆಯ್ಕೆ ಮಾಡಿಕೊಂಡರೆ ಅಲ್ಲಿ ಈ ಎರಡೂ ಕಳೆಯುತ್ತವೆ. ಜೊತೆಗೆ ಕಟ್ಟಡದ ಸವಕಳಿ: 3 ಲಕ್ಷ ಡಾಲರಿನ ಕಟ್ಟಡವಾದರೆ, 27.5 ವರ್ಷಕ್ಕೆ ಹಂಚಿ, ವರ್ಷಕ್ಕೆ ಸುಮಾರು 10,909. ಉಳಿದದ್ದು 4,091; ಶೇ 10ರಂತೆ ತೆರಿಗೆ 409 ಡಾಲರ್. ಭಾರತದಲ್ಲಿ ಸವಕಳಿ ಇಲ್ಲ, ದುರಸ್ತಿಯ ಬಿಲ್ಲೂ ನಡೆಯದು. ಮನೆ ತೆರಿಗೆ ಕಳೆದು ಉಳಿದ 20,000ದಲ್ಲಿ ಶೇ 30 ಬಿಟ್ಟರೆ 14,000 ಡಾಲರ್ ನಿಮ್ಮ ಆದಾಯಕ್ಕೆ ಸೇರುತ್ತದೆ. ಅದರ ತೆರಿಗೆಯಲ್ಲಿ ಕಳೆಯಲು ಸಿಗುವುದು ಆ 409 ಮಾತ್ರ, ಅದೂ ನಿಗದಿತ ಫಾರ್ಮ್ ತುಂಬಿದರೆ.

ನನಗೆ ಹೆಚ್ಚು ಕಳವಳ ಹುಟ್ಟಿಸುವುದು ಊರಲ್ಲಿರುವ ಅಪ್ಪನ ವಿಷಯ. ತೊಗರಿ, ಕಬ್ಬಿನ ಆದಾಯಕ್ಕೆ ತೆರಿಗೆಯಿಲ್ಲವೆಂದು ಅವರು ಜನ್ಮದಲ್ಲಿ ರಿಟರ್ನ್ ಸಲ್ಲಿಸಿರುವುದಿಲ್ಲ. ಮಗ ಪ್ರೀತಿಯಿಂದ ದುಬೈ ಫ್ಲ್ಯಾಟಿಗೆ ಅವರ ಹೆಸರನ್ನೂ ಸೇರಿಸುತ್ತಾನೆ. ಅಲ್ಲಿಂದಾಚೆ, ಒಂದು ಪೈಸೆ ಆದಾಯವಿಲ್ಲದಿದ್ದರೂ ಅಪ್ಪ ವರ್ಷವರ್ಷ ರಿಟರ್ನ್ ಸಲ್ಲಿಸಿ, ವಿದೇಶಿ ಆಸ್ತಿಯ ಪಟ್ಟಿಯಲ್ಲಿ ಆ ಫ್ಲ್ಯಾಟ್ ತೋರಿಸಬೇಕು. ತೋರಿಸದಿದ್ದರೆ 2015ರ ಕಪ್ಪುಹಣ ಕಾಯ್ದೆಯಡಿ 10 ಲಕ್ಷ ರೂಪಾಯಿ ದಂಡ ಬೀಳಬಹುದು. 20 ಲಕ್ಷದವರೆಗಿನ ವಿದೇಶಿ ಆಸ್ತಿಗೆ 2024ರಲ್ಲಿ ಕೊಟ್ಟ ವಿನಾಯಿತಿ ಮನೆ, ನಿವೇಶನಕ್ಕೆ ಅನ್ವಯಿಸದು. ಅಪ್ಪನ ಸಹಿ ಹಾಕಿಸುವ ಮೊದಲೇ ಲೆಕ್ಕಪರಿಶೋಧಕರನ್ನು ಕೇಳಿ.